ಮುಟ್ಟಿ ಹೇಳು

ಕಣ್ಣು ಮುಚ್ಚು, ಅಂದಳು ಫೋಸ್ಕಾ.
ಮುಚ್ಚಿದೆ.
ಅಂಗೈಗೆ ಒಂದು ತುಂಡು ತುರುಕಿದಳು: ಹೇಳು.
ಉಣ್ಣೆ, ಅಂದೆ.
ಉಣ್ಣೆಯಂತೆ ಉಣ್ಣೆ!
ಕುರಿ ಕೇಳಿಸಿಕೊಂಡರೆ ನಕ್ಕೀತು, ಮೊರೇನಾ.

ಪ್ರಾತೊ ಊರಿನ ಹಿಂಬದಿ, ಬಿಸೆಂಜಿಯೊ ಹೊಳೆಯ ದಂಡೆಗೆ
ನಮ್ಮ ಚಿಂದಿ ಗೋದಾಮು.
ಸೂರಿನ ಗಾಜು ಒಡೆದಲ್ಲಿ ಪಾರಿವಾಳ.
ಗಂಟು ಕೊಯ್ದರೆ ಸಾಕು,
ಯಾರಾರೋ ಬಿಚ್ಚಿ ಎಸೆದ ಚಳಿಗಾಲಗಳು
ದಬದಬನೆ ಕಾಲಮೇಲೆ ಬೀಳುತ್ತವೆ:
ಶಾಲೆಯ ಸ್ವೆಟರು, ಸೊಂಟ ದಪ್ಪವಾಗುವ ಮುಂಚಿನ ಕೋಟು,
ಬೆಲೆಚೀಟಿ ಕೂಡ ಕಿತ್ತಿರದ ಕಾರ್ಡಿಗನ್ನು.
ಜೇಬುಗಳಲ್ಲಿ ಒಮ್ಮೆ ಟ್ರಾಮಿನ ಟಿಕೆಟ್ಟು,
ಒಮ್ಮೆ ಒಂದು ಹಾಲುಹಲ್ಲು,
ಒಮ್ಮೆ ಪೆನ್ಸಿಲ್ಲಿನಲ್ಲಿ ಬರೆದ ಚೀಟಿ:
ಮೊಟ್ಟೆ, ಸಾಬೂನು, ಕ್ಷಮಿಸು.
ಅದನ್ನು ಫೋಸ್ಕಾ ಕಸಕ್ಕೆ ಹಾಕಲಿಲ್ಲ,
ಎಲ್ಲಿಟ್ಟಳೋ ನಾನು ನೋಡಲಿಲ್ಲ.

ಗುಂಡಿ ಕತ್ತರಿಸು, ಜಿಪ್ಪು ಕೀಳು, ಅಸ್ತರು ಹರಿ,
ಬಣ್ಣಕ್ಕೆ ಬಣ್ಣ ಕೂಡಿಸು.
ಕೆಂಪೆಂದರೆ ಇಲ್ಲಿ ಒಂದು ಕೆಂಪಲ್ಲ, ಹನ್ನೊಂದು ಬುಟ್ಟಿ:
ಇಟ್ಟಿಗೆ, ದಾಳಿಂಬೆ, ಹಳೆಯ ವೈನು,
ಗಾಯ ಒಣಗಿದ ಮೇಲೆ ಉಳಿಯುವುದು...
ಕಣ್ಣು ತಪ್ಪದೆ ವಿಂಗಡಿಸಿದರೆ, ನೂಲು ಮತ್ತೆ ಹುಟ್ಟುವಾಗ
ಬಣ್ಣದ ಕಡಾಯಿಗೆ ಇಳಿಯಬೇಕಿಲ್ಲ.
ನನ್ನ ಸಣ್ಣಂದಿನಲ್ಲಿ, ಅನ್ನುತ್ತಾಳೆ ಫೋಸ್ಕಾ,
ನಮ್ಮನೆ ಬಾತುಕೋಳಿ ಹೊಳೆಗೆ ಬೆಳ್ಳಗೆ ಹೋಗಿ
ಸೋಮವಾರ ನೀಲಿ, ಗುರುವಾರ ಹಸಿರಾಗಿ
ಮನೆಗೆ ಬರುತ್ತಿತ್ತು.
ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದೆ.

ಅನುಮಾನ ಬಂದರೆ ಅವಳು ಎಳೆಯೊಂದನ್ನು ಜಗ್ಗಿ
ಕಡ್ಡಿ ಗೀರುತ್ತಾಳೆ.
ಉಣ್ಣೆಯಾದರೆ ಸುಟ್ಟ ಕೂದಲ ನಾತ,
ಬೆರಳಲ್ಲಿ ಹೊಸಕಿದರೆ ಬೂದಿ.
ಅಲ್ಲದಿದ್ದರೆ ಸುರುಟಿ, ಕರಗಿ,
ಕಡ್ಡಿಯ ತುದಿಗೆ ಒಂದು ಕರಿಮಣಿ.
ನೋಡಿಕೋ, ಯಾರನ್ನು ಕಟ್ಟಿಕೊಂಡಿದ್ದೇವೆಂದು.
ಸಾಯುವ ತನಕ ಅಲ್ಲ,
ಸತ್ತ ಮೇಲೂ ಬಿಡುವುದಿಲ್ಲ ಇದು.

ಶನಿವಾರ ಸಂಬಳ.
ರೈಲು ಹಿಡಿದು ಫ್ಲಾರೆನ್ಸಿಗೆ ಹೋದೆ.
ಗಾಜಿನಾಚೆ ತಲೆಯಿಲ್ಲದ ಬೊಂಬೆಗಳು
ನನ್ನ ಸಂಬಳದ ಅಳತೆಗೇ ತೊಟ್ಟು ನಿಂತಿದ್ದವು.
ಒಳಗೆ ಹೋಗಿ, ಸಾಲುಗಳ ನಡುವೆ
ಕಣ್ಣು ಮುಚ್ಚಿ ಮುಟ್ಟುತ್ತ ನಡೆದೆ.
ನೆಲದೆಣ್ಣೆ.
ನೆಲದೆಣ್ಣೆ.
ಒಂದಿಷ್ಟು ಹತ್ತಿ, ಮತ್ತೆ ನೆಲದೆಣ್ಣೆ.
ಹೊಲಿಗೆ ಒಳಮಗ್ಗುಲಾಗಿಸಿದೆ: ಬೆರಳಿಗೆ ತಾಗಿದ್ದು ಅವಸರ,
ಯಾವುದೋ ರಾತ್ರಿಪಾಳಿಯ ಕಡೆಯ ಗಂಟೆ.
ಈ ಬಟ್ಟೆ ಬಂದ ಬಟ್ಟೆ ಹಿಡಿದು ಹಿಂದಕ್ಕೆ ನಡೆದರೆ
ಒಂದು ಕೊಳವೆದೀಪ, ಒಂದು ಸೂಜಿ, ಬಾಗಿದ ಒಂದು ಕತ್ತು.
ಮುಖ ಮಾತ್ರ ಕಾಣಲಿಲ್ಲ.
ಹುಷಾರಿದ್ದೀರಾ ಮೇಡಂ? ಅಂದ ಅಂಗಡಿಯ ಹುಡುಗ.

ಎಲ್ಲ ಗೊತ್ತಿತ್ತು.
ಗೊತ್ತಿದ್ದೂ ಕೊಂಡೆ.
ಕೆಂಪು ಕಾರ್ಡಿಗನ್ನು, ಹನ್ನೊಂದು ಬುಟ್ಟಿಯಲ್ಲಿ
ಯಾವುದಕ್ಕೂ ಸೇರದ ಕೆಂಪು.
ಚೆನ್ನಾಗಿ ಕಾಣುತ್ತಿದ್ದೆ. ಏನು ಮಾಡಲಿ.

ಸೋಮವಾರ ಮೇಲಂಗಿಯಡಿ ಅದನ್ನು ಅಡಗಿಸಿಕೊಂಡೇ ಬಂದೆ.
ಫೋಸ್ಕಾಗೆ ಮುಟ್ಟುವುದೂ ಬೇಕಾಗಲಿಲ್ಲ,
ಮೇಜಿನಾಚೆಯಿಂದ ಅದರ ಚಟಚಟ ಸದ್ದು ಸಾಕಾಯಿತು.
ಬಾ ಇಲ್ಲಿ.
ಬೈಸಿಕೊಳ್ಳಲು ತಯಾರಾಗಿ ಹೋದೆ.
ಕಾಲರಿನಿಂದ ಸೂಜಿ ಕಿತ್ತು
ಆಗಲೇ ಸಡಿಲಾಗಿದ್ದ ಗುಂಡಿಯ ಕೊರಳಿಗೆ
ಏಳು ಸುತ್ತು ದಾರ ಸುತ್ತಿ, ಹಲ್ಲಲ್ಲಿ ಕಡಿದಳು.
ತಂದದ್ದು ತಂದೆ. ಇನ್ನು ಹತ್ತು ಚಳಿ ಇದನ್ನೇ ತೊಡು.
ಮೊಣಕೈ ಸವೆದರೆ ತೇಪೆಗೆ ಬಾ.
ನಾನಿಲ್ಲದಿದ್ದರೆ ನೀನೇ ಹಾಕು,
ಅಷ್ಟಾದರೂ ಕಲಿತಿದ್ದೀ.

ಊಟದ ಹೊತ್ತಿಗೆ ಕೈ ಸೆಟೆದು
ಹೊಸ ಜೇಬಿಗೆ ಇಳಿಸಿದೆ.
ಕಾಗದ. ಮಡಿಕೆ ಸವೆದು ಬಟ್ಟೆಯಷ್ಟೇ ಮೆತ್ತಗೆ.
ಬಿಚ್ಚುವ ಮೊದಲೇ ಬೆರಳಿಗೆ ತಿಳಿಯಿತು:
ಮೊಟ್ಟೆ, ಸಾಬೂನು,