ಏಳು ನಿಮಿಷದ ನೀರು

ಅಪ್ಪ ತೀರಿಕೊಂಡದ್ದು ಖರ್ಜೂರ ಕೆಂಪಾಗುವ ಮುಂಚೆ.
ಹಜರ್ ಬೆಟ್ಟದ ಹೊಟ್ಟೆಯಿಂದ ಹೊರಟು
ನಮ್ಮೂರ ಫಲಜ್ ಕಾಲುವೆಗೆ ಇಳಿಯುವ ನೀರಿನಲ್ಲಿ
ಎಂಟು ದಿನಕ್ಕೊಮ್ಮೆ ಅವನದು ನಲವತ್ತು ನಿಮಿಷ.
ಬಿಟ್ಟುಹೋದ ಆಸ್ತಿ ಅಷ್ಟೇ.
ಮರಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ,
ನೀರಿಲ್ಲದ ಮರ ಸೌದೆ.

ಖಾಜಿ ಕನ್ನಡಕ ಒರೆಸಿ ಬರೆದರು:
ಹೆಂಡತಿಗೆ ಎಂಟರಲ್ಲೊಂದು, ಐದು ನಿಮಿಷ.
ಉಳಿದ ಮೂವತ್ತೈದರಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದು.
ಖಲ್ಫಾನನಿಗೆ ಹದಿನಾಲ್ಕು, ಹುಮೈದನಿಗೆ ಹದಿನಾಲ್ಕು,
ಝುವೈನಾಳಿಗೆ, ಅಂದರೆ ನನಗೆ, ಏಳು.
ಶೇಷವಿಲ್ಲದ ಭಾಗಾಕಾರ. ಖಾಜಿಗೆ ಎಂಥ ಖುಷಿ!
ಇಷ್ಟು ಅಚ್ಚುಕಟ್ಟಾಗಿ ಸಾಯುವವರು ಅಪರೂಪ
ಎಂಬಂತೆ ತಲೆದೂಗಿದರು.

ಮೂರು ತಿಂಗಳು ಅಣ್ಣಂದಿರು ಬಂದರು, ಕಾಫಿ ಕುಡಿದರು,
ಬಟ್ಟಲು ಅಲ್ಲಾಡಿಸಿ ಸಾಕೆಂದರು, ಎದ್ದೇಳಲಿಲ್ಲ.
"ಏಳು ನಿಮಿಷ ಯಾತಕ್ಕಾದೀತು? ಬಿಟ್ಟುಕೊಡು.
ಈದಿಗೆ ಬಟ್ಟೆ ಕೊಡಿಸುತ್ತೇವೆ."
ಈದ್ ವರ್ಷಕ್ಕೆ ಎರಡು ಸಲ,
ನನ್ನ ನೀರು ಎಂಟು ದಿನಕ್ಕೊಮ್ಮೆ. ಅದನ್ನೇ ಹೇಳಿದೆ.
ನಾಲ್ಕನೆಯ ತಿಂಗಳು ಬಟ್ಟಲು ತೊಳೆಯುವ ಕೆಲಸ ಉಳಿಯಿತು.

ನನ್ನ ಸರದಿ ರಾತ್ರಿ.
ಮೊದಲ ಸಲ ಕಲ್ಲು ಸರಿಸಿದಾಗ
ನೀರು ನನ್ನ ಪಾತಿ ಮುಟ್ಟಲು ಮೂರು ನಿಮಿಷ ಹಿಡಿಯಿತು.
ದಾರಿಯ ಮಣ್ಣು ಕುಡಿದ ಆ ಮೂರು
ಯಾರ ಲೆಕ್ಕಕ್ಕೆ?
ಹುಮೈದ ಮೊಬೈಲಿನ ಬೆಳಕಲ್ಲಿ ಗಡಿಯಾರ ನೋಡುತ್ತಿದ್ದ,
ಇದೇ ಕಾಲುವೆಯಲ್ಲಿ ಹೊಟ್ಟೆಗೆ ಕೈಯೊಡ್ಡಿ
ನನಗೆ ಈಜು ಕಲಿಸಿದವನು.
"ಆಯ್ತು" ಎಂದ. ಕಲ್ಲು ಹಾಕಿದೆ.
ಪಾತಿ ಅರ್ಧ ಕಪ್ಪು, ಅರ್ಧ ಬೂದಿ.

ತನ್ನ ಐದನ್ನು ನನಗೆ ಬರೆದಿಡಲು ಅಮ್ಮ ಹೋದಳು.
ಉಳಿದವರು ಒಪ್ಪದೆ ವಾರಸುದಾರಳಿಗೆ ಉಯಿಲು ಸಲ್ಲದು, ಅಂದರು ಖಾಜಿ.
ನೀನು ಹೋದ ಮೇಲೆ ಎರಡು, ಎರಡು, ಒಂದು.
ಮತ್ತೆ ಶೇಷವಿಲ್ಲ!
"ಬದುಕಿರುವಾಗಲೇ ಕೊಟ್ಟರೆ?"
"ಅದು ಹಿಬಾ. ಬಾಯಿಮಾತು ಸಾಲದು ತಾಯಿ,
ವಸ್ತು ಅವಳ ಕೈ ಸೇರಬೇಕು, ನಿನ್ನ ಕೈ ಬಿಡಬೇಕು."

ಮುಂದಿನ ಸರದಿಗೆ ಅಮ್ಮ ಕೋಲೂರಿ ಬಂದಳು.
ನನ್ನ ಕೈ ಹಿಡಿದು ತನ್ನ ಕಲ್ಲಿನ ಮೇಲಿಟ್ಟಳು.
ತನ್ನದನ್ನು ತೆಗೆದಳು.
ಗಡಿಯಾರದವನು ನೋಡುತ್ತಲೇ ಇದ್ದ, ಅವನೇ ಸಾಕ್ಷಿ.

ಏಳು, ಐದು, ಹನ್ನೆರಡು.
ಹದಿನಾಲ್ಕಕ್ಕೆ ಇನ್ನೂ ಎರಡು ಕಮ್ಮಿ,
ಆದರೂ ಪಾತಿಯ ಕೊನೆಯ ಮೂಲೆ ಕಪ್ಪಾಯಿತು.

ಆಮೇಲೆ ಅಮ್ಮ ಕಾಲುವೆಯಂಚಿನಲ್ಲಿ ಚಪ್ಪಲಿ ಬಿಟ್ಟು
ನನ್ನ ಮುಖ ನೋಡಿದಳು:
"ಕಾಲು ತೊಳೆದುಕೊಳ್ಳಲೇನೇ?"