ಸ್ಥಳೀಯ ಪದ್ಧತಿಯಂತೆ

ತಾರಿಹಾಳದ ಫ್ಯಾಕ್ಟರಿ, ಆಫೀಸಿನ ಎರಡನೇ ಮೇಜು ನಂದು.
ಮಧ್ಯಾಹ್ನ ಹೆಡ್ಡಾಫೀಸಿಂದ ಒಂದು ತಖ್ತೆ ಬಂತು:
ಐದು ದೇಶ, ಐದು ಸಾಲು,
ಹಲ್ಲು, ಕಣ್ಣು, ಕಿವಿ, ಬಾಣಂತನ, ತಂದೆತಾಯಿ.
ಯಾವ ದೇಶದಾಗ ಯಾರಿಗೆ ಎಷ್ಟು,
ಶುಕ್ರವಾರದೊಳಗ ತುಂಬಿ ಕಳಸಬೇಕು.

ಪೋಲಂಡಿನ ಸಾಲು ಯಾರೋ ಮೊದಲೇ ತುಂಬ್ಯಾರ.
ಕಿವಿಯ ಮನಿಯೊಳಗ: ಯಂತ್ರ, ಎರಡೂ ಕಿವಿಗೆ,
ಐದು ವರ್ಷಕ್ಕೊಮ್ಮೆ ಹೊಸಾದು, ಖರ್ಚು ಕಂಪನೀದು.
ನಮ್ಮ ಸಾಲಿನ ಕಿವಿ ಖಾಲಿ.

ಒಂದೇ ಅಚ್ಚಿನ ಅಣ್ಣತಮ್ಮ ಆ ಎರಡು ಪ್ರೆಸ್ಸು,
ಹದಿನಾಲ್ಕನೇದು ಅಲ್ಲಿ, ಹದಿನೈದನೇದು ಇಲ್ಲಿ.
ಅದರ ಮುಂದ ಯಾನುಶ್, ಇದರ ಮುಂದ ದಾವಲಸಾಬ ನದಾಫ,
ಇಪ್ಪತ್ತೆರಡು ವರ್ಷ.
ಹೋದ ಸಲ ವಾಲ್ವಿನ ತಕರಾರಿಗೆ
ಪರದೆ ಮ್ಯಾಲೆ ಇಬ್ಬರನ್ನೂ ಎದುರಾಬದುರಾ ಕೂಡಿಸಿದ್ವಿ.
"ಆಂ?" ಅಂದ ಇಂವ.
ಅಂವನೂ ಅಂಗೈ ಕಿವಿಗೆ ಹಚ್ಚಿ, "ಆಂ?"
ದುಭಾಷಿ ಸುಮ್ಮನ ಕೂತಿದ್ದ.

ಈಗ ಯಾನುಶನ ಕಿವ್ಯಾಗ ಕಡ್ಲಿಕಾಳಿನಷ್ಟು ಯಂತ್ರ,
ಮೊಮ್ಮಗಳು ಪಿಸುಗುಟ್ಟಿದ್ದೂ ಕೇಳತೈತಂತ.
ದಾವಲಸಾಬ ಊಟದ ಗಂಟಿಗೆ ಏಳೂದಿಲ್ಲ,
ಮಂದಿ ಎದ್ದದ್ದು ನೋಡಿ ಏಳ್ತಾನ.
ಹಿಂದಿನ ಲಾರಿ ಕೇಳೂದಿಲ್ಲಂತ
ಸೈಕಲ್ಲಿಗೆ ಎರಡು ಕನ್ನಡಿ ಹಚ್ಚಿಸ್ಯಾನ.
ಸ್ವಂತ ರೊಕ್ಕದ್ದು.

ಫೋನ್ ಹಚ್ಚಿದೆ.
"ಎಲ್ಲಾ ದೇಶಕ್ಕೂ ಒಂದೇ ರೊಕ್ಕ ಇಟ್ಟರ ನ್ಯಾಯ ಆಗೂದಿಲ್ಲ ಮೇಡಂ,
ಅಲ್ಲಿ ಡಾಕ್ಟರ ಫೀನೇ ಬ್ಯಾರೆ."
ಖರೆ ಐತಿ.
ಆದ್ರ ನಾ ರೊಕ್ಕ ಕೇಳಾಕತ್ತಿಲ್ಲರೀ,
ಕಿವಿ ಕೇಳಾಕತ್ತೀನಿ.
ಆ ಕಡೆ ಬೆರಳಚ್ಚಿನ ಸಪ್ಪಳ. ಆಮ್ಯಾಲೆ,
"ಹಿಂಗ ಬರದು ಬಿಡ್ರಿ: ಸ್ಥಳೀಯ ಪದ್ಧತಿಯಂತೆ."

ಸ್ಥಳೀಯ ಪದ್ಧತಿ ನನಗ ಗೊತ್ತೈತಿ.
ಪಗಾರದ ದಿನ ಗೇಟಿನ ಹತ್ರ ನೀಲಗಂಗವ್ವ
ಖಾಲಿ ರೊಟ್ಟಿ ಡಬ್ಬಿ ಹಿಡದು ನಿಲ್ತಾಳ.
ಯಾರದರ ಹೆಣ್ತಿ ಕಿಮ್ಸಿನ್ಯಾಗ ಇರ್ತಾಳ, ಯಾರದರ ಕೂಸು.
ಐವತ್ತು, ನೂರು,
ಅಪ್ರೆಂಟಿಸ್ ಹುಡುಗಂದು ಮಡಿಚಿ ಮಡಿಚಿ ಸಣ್ಣಾದ ಇಪ್ಪತ್ತು.
ಆಸ್ಪತ್ರಿ ಕೌಂಟರಿನ್ಯಾಗ ಎಣಸೂವಾಗ
ಆ ನೋಟಿಗೆಲ್ಲಾ ಶೇಂಗಾಚಟ್ನಿ ವಾಸನಿ.
ಇದನ್ನ ಯಾವ ಮನಿಯೊಳಗ ಬರೀಲಿ?

ಭಾಳ ಹೊತ್ತು ಕೂತು, ಕಿವಿಯ ಮನಿಯೊಳಗ ಬರದೆ:
ಯಂತ್ರ, ಎರಡೂ ಕಿವಿಗೆ,
ಹದಿನಾಲ್ಕನೇ ಪ್ರೆಸ್ಸಿನಂತೆ.
ಕಳಿಸಿದೆ. ಏನಂತಾರೋ, ಇನ್ನೂ ಬುಧವಾರ.

ಹೊರಗ ಶಿಫ್ಟು ಬಿಟ್ಟಿತ್ತು.
ದಾವಲಸಾಬ ಟವೆಲ್ಲಿನಿಂದ ಎಡಗನ್ನಡಿ ಒರಸಾಕತ್ತಿದ್ದ.
ಕೂಗಿದೆ.
ಆಮ್ಯಾಲೆ ನೆನಪಾಗಿ,
ಕನ್ನಡ್ಯಾಗ ಕಾಣೂವಂಗ ಹೋಗಿ ನಿಂತೆ.