ಅಳತೆ ಮೂವತ್ತೊಂಬತ್ತು

ಒಂದು ಜೊತೆಗೆ ಇನ್ನೂರ ನಲವತ್ತು ಕ್ರೋನ.
ಕ್ಲಾಕ್ಸ್‌ವಿಕ್‌ನ ಬಂದರು ಬೀದಿಯಲ್ಲಿ ಓಲಾವುರ್
ಕಾಲುಚೀಲದ ಬಾಯಿ ಹಿಗ್ಗಿಸಿ ತೋರಿಸುತ್ತಾನೆ,
ಮೀನಿನ ಕಿವಿರು ಅಗಲಿಸಿ ತಾಜಾತನ ತೋರಿಸಿದ ಹಾಗೆ.
"ಅಪ್ಪಟ ಮೆರಿನೊ. ಹಿಮ್ಮಡಿಗೆ ಇಮ್ಮಡಿ ಹೆಣಿಗೆ."
ಪಕ್ಕದ ಬುಟ್ಟಿಯಲ್ಲಿ ಆರು ಜೊತೆಗೆ ಅರವತ್ತು,
ಪ್ಲಾಸ್ಟಿಕ್ ಕೊಕ್ಕೆಗೆ ಜೋತುಬಿದ್ದ ಒಂದು ಡಜನ್ ಪಾದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ಚಾಚಿದ ಕಾಲಿಗೆ ಏನು ತೊಡಿಸಬೇಕೆಂದು
ಹೇಳಿ ಹೋಗಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ರೋಯಿಗೆ ಎರಡು ಜೊತೆ ಕೊಂಡೆ,
ಒಂದು ಬೂದು, ಒಂದು ಕೆಂಪು.
ಐದು ವರ್ಷದ ಕಾಲು, ಅಳತೆ ಇಪ್ಪತ್ತೆಂಟು.
"ಬೆಳೆಯುವ ಕಾಲಿಗೆ ದುಬಾರಿ ಚೀಲವೆಂದರೆ
ಅಲೆಗೆ ಅಂಚು ಹೊಲಿದ ಹಾಗೆ"
ಅಂದಳು ನಾದಿನಿ ಸುನ್ನೇವಾ.
ಲೆಕ್ಕದಲ್ಲಿ ಅವಳು ಸರಿ.
ಫೆಬ್ರವರಿಗೆ ಹೆಬ್ಬೆರಳು ಬೂದು ಚೀಲದ ತುದಿಗೆ ಬಂದು ತಟ್ಟಿತು,
ಒಳಗಿನಿಂದ ಬಾಗಿಲು ಬಡಿಯುವವರ ಹಾಗೆ.
ಒಂದು ಎಳೆಯೂ ಬಿಟ್ಟಿರಲಿಲ್ಲ.
ಸೋತದ್ದು ಉಣ್ಣೆಯಲ್ಲ.

ನನ್ನದು ತದ್ವಿರುದ್ಧ.
ಹದಿನೇಳಕ್ಕೇ ಬೆಳೆಯುವುದು ಮುಗಿಸಿದ ಕಾಲು.
ಮೀನಿನ ಕಾರ್ಖಾನೆಯ ಹಸಿ ನೆಲದ ಮೇಲೆ
ದಿನಕ್ಕೆ ಎಂಟು ಗಂಟೆ, ರಬ್ಬರ್ ಬೂಟಿನೊಳಗೆ.
ಆರಕ್ಕೆ ಅರವತ್ತರ ಚೀಲ
ಮಧ್ಯಾಹ್ನದೊಳಗೆ ಹಿಮ್ಮಡಿಯಿಂದ ಜಾರಿ
ಅಂಗಾಲಿನಡಿ ಮುದ್ದೆಯಾಗಿ ಕೂರುತ್ತದೆ,
ಕೆಲಸಗಳ್ಳ ಹುಡುಗ ಗೋದಾಮಿನ ಮೂಲೆ ಸೇರಿದಂತೆ.
ಬೂಟು ಕಳಚಿ ಸರಿಪಡಿಸೋಣವೆಂದರೆ
ಬೆಲ್ಟು ನಿಲ್ಲುವುದಿಲ್ಲ, ಕಾಡ್ ಮೀನು ಬರುತ್ತಲೇ ಇರುತ್ತದೆ.
ಮಕ್ಕಳ ಕಾಲು ಚೀಲವನ್ನು ಗೆಲ್ಲುತ್ತದೆ.
ನಮ್ಮ ಕಾಲನ್ನು, ನೆಲ.

ಕೆಂಪು ಜೊತೆಯ ಕಥೆ ಬೇರೆ.
ಜನವರಿಯ ಒಂದು ಸಂಜೆ ಶಿಶುವಿಹಾರದಿಂದ ರೋಯಿ
ಒಂದು ಕಾಲು ಕೆಂಪಾಗಿ, ಒಂದು ಬರಿದಾಗಿ ಬಂದ.
"ಎಲ್ಲೋ ಇನ್ನೊಂದು?"
"ಅದು ಹೋಯ್ತು."
ನೂರಿಪ್ಪತ್ತು ನಷ್ಟ ಅಂದುಕೊಂಡೆ. ತಪ್ಪು ಲೆಕ್ಕ.
ಜೊತೆ ಮುರಿದ ಮೇಲೆ ಉಳಿದದ್ದರ ಬೆಲೆ
ಅರ್ಧವಲ್ಲ, ಸೊನ್ನೆ.

ಮೂರು ವಾರದ ಮೇಲೆ ಕಂಡೆ.
ಬೆಲ್ಟಿನ ಆಚೆ ಬದಿ ನನ್ನೆದುರು ನಿಲ್ಲುವ ಲುಜ್ವಿಮಿಂಡಾ,
ಸೆಬುವಿನಿಂದ ಈ ಗಾಳಿಗೆ ಮದುವೆಯಾಗಿ ಬಂದವಳು.
ಅವಳ ಮಗಳು ಶಿಶುವಿಹಾರದ ಬಾಗಿಲಲ್ಲಿ ಬೂಟು ಬಿಚ್ಚಿದಳು:
ಎಡಕ್ಕೆ ಹಳದಿ, ಬಲಕ್ಕೆ ನನ್ನ ಕೆಂಪು.
ನನ್ನ! ಎಷ್ಟು ಬೇಗ ನಾಲಿಗೆಗೆ ಬಂತು ಆ ಮಾತು.
ಕಳೆದುಹೋದವುಗಳ ಪೆಟ್ಟಿಗೆಯಿಂದ ಹೆಕ್ಕಿದ್ದೋ,
ಅಂಗಳದ ಕೆಸರಲ್ಲಿ ಮಕ್ಕಳೇ ಬದಲಾಯಿಸಿಕೊಂಡದ್ದೋ.
ಕೇಳಬಹುದಿತ್ತು. ಅಷ್ಟರಲ್ಲಿ ಲುಜ್ವಿಮಿಂಡಾ
"ಕಾಫಿಗೆ ಬರ್ತೀಯಾ?" ಅಂದಳು.
ಅವಳಿಗೆ ತಿಳಿದಿರಲಿಲ್ಲ.
ಅಥವಾ ತಿಳಿದಿತ್ತು.
ಎರಡು ಕಪ್ ಕುಡಿದು ಬಂದೆ.

ಉಳಿದ ಒಂಟಿ ಚೀಲ ಅಡುಗೆಮನೆಯ ಹೀಟರಿನ ಮೇಲೆ
ಒಣಗಿದ ಮೇಲೂ ಎರಡು ದಿನ ಒಣಗುತ್ತಲೇ ಇತ್ತು.
ಔದಾರ್ಯವೆಂದು ಯಾಕೆ ಸುಳ್ಳು ಹೇಳಲಿ,
ಹೊಟ್ಟೆ ಉರಿದದ್ದೂ ನಿಜ.
ಮೂರನೆಯ ದಿನ ಬೇಗ ಹೋಗಿ
ಯಾರೂ ನೋಡದಂತೆ ಪೆಟ್ಟಿಗೆಗೆ ಹಾಕಿದೆ,
ಕದಿಯುವವರಿಗೂ ಅಷ್ಟು ಎದೆ ಹೊಡೆದುಕೊಳ್ಳುವುದಿಲ್ಲ.
ಸೊನ್ನೆಯ ಪಕ್ಕಕ್ಕೆ ಸೊನ್ನೆ ಸೇರಿ
ಇನ್ನೂರ ನಲವತ್ತಾಯಿತು,
ಬೇರೆಯವರ ಮನೆಯಲ್ಲಿ.

ಇವತ್ತು ಸಂಬಳದ ದಿನ.
ಮಾರ್ಚ್ ಗಾಳಿ ಅಂಗಡಿಯ ಗಾಜಿಗೆ ಹೆಗಲು ಕೊಟ್ಟು ನೂಕುತ್ತಿದೆ.
ಓಲಾವುರ್ ಆಗಲೇ ಮಕ್ಕಳ ಕಪಾಟಿನತ್ತ ತಿರುಗಿದ್ದಾನೆ.
"ಹುಡುಗನಿಗೆ ತಾನೆ? ಈಗ ಎಷ್ಟು, ಮೂವತ್ತಾ?"
ಬೂಟಿನೊಳಗಿನ ಮುದ್ದೆಯನ್ನು ಕಾಲ್ಬೆರಳಲ್ಲಿ ಹಿಡಿದು
"ಮೂವತ್ತೊಂಬತ್ತು" ಅನ್ನುತ್ತೇನೆ.

"ಅಬ್ಬಾ," ಅನ್ನುತ್ತಾನೆ ಅವನು ಏಣಿ ಎಳೆಯುತ್ತಾ,
"ಎಷ್ಟು ಬೇಗ ಬೆಳೆದುಬಿಟ್ಟ!"